ಅಪ್ಪಂದಿರ ಕಣ್ಣಿಗೆ ಬಟ್ಟೆ ಕಟ್ಟುವ ಪೀಪಿ ಮಾಮ

ಬೆಳಗಿನ ಐದೂಮುಕ್ಕಾಲು. ಬಡಾವಣೆಯ ಮೈದಾನದಲ್ಲಿ ಒಬ್ಬರೇ ಒಬ್ಬರು ಬಗ್ಗಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದಾರೆ. ಕೈಯಲ್ಲಿ ತಳಕ್ಕೆ ತೂತು ಕೊರೆದ ಹಾಲಿನಪುಡಿ ಡಬ್ಬ, ಅದರ ತುಂಬ ಸುಣ್ಣದ ಪುಡಿ. ಡಬ್ಬ ಕುಲುಕಿದಂತೆಲ್ಲ ನೆಲದ ಮೇಲೆ ಬಿಳಿ ಗೆರೆ ಮೂಡುತ್ತದೆ. ಅದನ್ನು ನೇರ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

"ಸೊಟ್ಟ ಇದೆ ಅಲ್ವಾ?" ಎಂದು ಅವರೇ ಕೇಳುತ್ತಾರೆ. "ಇರ್ಲಿ ಬಿಡಿ. ಗೆರೆ ನೆಟ್ಟಗಿದ್ರೂ ಅಪ್ಪಂದಿರು ನೆಟ್ಟಗೆ ಓಡಲ್ಲ."

ಮಕ್ಕಳ ಬಾಯಲ್ಲಿ ಇವರು ಪೀಪಿ ಮಾಮ. ವರ್ಷವಿಡೀ ಇವರ ಕೆಲಸ ಮನೆಮನೆಗೆ ನೀರು ಬಿಡುವುದು. ಹದಿನಾಲ್ಕು ಬೀದಿ, ಬೀದಿಗೊಂದು ವಾಲ್ವು, ಅದನ್ನು ತಿರುಗಿಸಲು ಭುಜದ ಮೇಲೊಂದು ಉದ್ದನೆಯ ಕಬ್ಬಿಣದ ಕೀಲಿ. ನೀರು ಬಂದ ದಿನ ಇವರು ಯಾರ ಕಣ್ಣಿಗೂ ಬೀಳುವುದಿಲ್ಲ, ಬಾರದ ದಿನ ಎಲ್ಲರ ಬಾಯಲ್ಲೂ ಇವರೇ. ಬಡಾವಣೆಯ ಹಬ್ಬದ ದಿನ ಮಾತ್ರ ನಾಲ್ಕು ಗಂಟೆಗೇ ನೀರಿನ ಕೆಲಸ ಮುಗಿಸಿ ಮೈದಾನಕ್ಕೆ ಓಡಿಬರುತ್ತಾರೆ. ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಮಕ್ಕಳಿಗೂ ಹೆತ್ತವರಿಗೂ ಆಟ ಆಡಿಸುತ್ತಿರುವವರು ಇವರೊಬ್ಬರೇ.

ಮರದ ಕೆಳಗೆ ಸರಂಜಾಮು ಸಿದ್ಧವಾಗಿದೆ. ಗೋಣಿಚೀಲ ನಲವತ್ತೆರಡು, ಹಗ್ಗಜಗ್ಗಾಟದ ಹಗ್ಗ ಒಂದು, ಚಮಚ ಅರವತ್ತು, ನಿಂಬೆಹಣ್ಣು ಎಂಬತ್ತು. ಲೆಕ್ಕ ತಪ್ಪಿದೆಯಲ್ಲ ಎಂದು ಕೇಳಿದೆ. "ಇಪ್ಪತ್ತು ಹಣ್ಣು ಅಮ್ಮಂದಿರ ಚೀಲಕ್ಕೆ ಹೋಗುತ್ತೆ. ನಾನು ನೋಡಿಲ್ಲ ಅಂದ್ಕೊಂಡಿರ್ತಾರೆ, ಪಾಪ."

ಆಟಕ್ಕೆ ಮೊದಲು ಇವರು ಒಂದೊಂದು ಚಮಚದ ಮೇಲೂ ಹೆಬ್ಬೆರಳು ಆಡಿಸಿ ನೋಡುತ್ತಾರೆ. ನಿಂಬೆಹಣ್ಣು ಬೀಳದಿರಲಿ ಎಂದು ದೊಡ್ಡವರು ಬೆಲ್ಲದ ಪಾಕ, ಬಬಲ್‌ಗಮ್, ಹಿಟ್ಟು ಎಲ್ಲವನ್ನೂ ಮೆತ್ತಿದ್ದುಂಟು. ಒಮ್ಮೆ ವಕೀಲರೊಬ್ಬರು ಗೋಣಿಚೀಲದ ತಳಕ್ಕೆ ಎರಡು ತೂತು ಮಾಡಿ, ಕಾಲು ಹೊರಗೆ ಹಾಕಿ ದೌಡಾಯಿಸಿದರಂತೆ. ತಡೆದು ಕೇಳಿದ್ದಕ್ಕೆ, ಚೀಲದೊಳಗೆ ಇರಬೇಕು ಎಂದಷ್ಟೇ ನಿಯಮ, ನಾನು ಒಳಗೇ ಇದ್ದೇನೆ ಎಂದು ಮುಕ್ಕಾಲು ಗಂಟೆ ವಾದಿಸಿದರು.

"ಮಕ್ಕಳು ಮೋಸ ಮಾಡಲ್ವಾ?"

"ಮಾಡ್ತಾರೆ. ಆದ್ರೆ ಮಾಡಿದ್ಮೇಲೆ ಬಂದು ಹೇಳ್ತಾರೆ."

ಒಂದು, ಎರಡು, ಮೂರು ಎಂದು ಎಣಿಸಿ ಓಟ ಶುರು ಮಾಡುವುದನ್ನು ಇವರು ಎಂದೋ ಬಿಟ್ಟಿದ್ದಾರೆ. ಎರಡು ಎನ್ನುವಷ್ಟರಲ್ಲಿ ಅಪ್ಪಂದಿರು ಅರ್ಧ ಮೈದಾನ ದಾಟಿರುತ್ತಾರೆ. ಈಗ ಗೆರೆಯ ಮೇಲೆ ಎಲ್ಲರನ್ನೂ ನಿಲ್ಲಿಸಿ ನೀರಿನ ಮಿತಬಳಕೆಯ ಬಗ್ಗೆ ಭಾಷಣ ತೆಗೆಯುತ್ತಾರೆ. ದೊಡ್ಡವರು ಆಕಳಿಸಿ ಫೋನು ತೆಗೆದ ಹೊತ್ತಿಗೆ, ಮಾತಿನ ನಡುವೆಯೇ ಪೀಪಿ ಊದಿಬಿಡುತ್ತಾರೆ.

ಇವರಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚಿನ ಆಟ 'ಯಾರ ಕೈ'. ಹೆತ್ತವರ ಕಣ್ಣಿಗೆ ಬಟ್ಟೆ, ಎದುರಿಗೆ ಮಕ್ಕಳ ಸಾಲು. ಮಕ್ಕಳು ತುಟಿಪಿಟಕ್ ಎನ್ನದೆ ಅಂಗೈ ಚಾಚಬೇಕು. ಹೆತ್ತವರು ಕೈ ಮುಟ್ಟಿ ತಮ್ಮ ಮಗುವನ್ನು ಗುರುತಿಸಿ, ಎತ್ತಿಕೊಂಡು ಗೆರೆ ಮುಟ್ಟಬೇಕು. ಆಟ ಹುಟ್ಟಿದ್ದು ಇವರ ಮನೆಯಲ್ಲೇ. "ಒಂದಿನ ಕರೆಂಟು ಹೋಯ್ತು. ಪಕ್ಕದಲ್ಲಿ ಯಾರೋ ನನ್ನ ಕೈ ಹಿಡ್ಕೊಂಡ್ರು. ಯಾರದು ಅಂತ ಗೊತ್ತಾಗ್ಲಿಲ್ಲ. ನನ್ನ ಮಗಳು. ನಾನು ಬೆಳಗಾಗೋದ್ರೊಳಗೆ ವಾಲ್ವು ತಿರುಗಿಸೋಕೆ ಹೋಗಿ ಹೋಗಿ, ಅವಳ ಕೈ ಅಷ್ಟು ದೊಡ್ಡದಾಗಿದ್ದೇ ಗೊತ್ತಿರ್ಲಿಲ್ಲ."

ಆದರೆ ಕಳೆದ ವರ್ಷ ಇದೇ ಆಟ ಎಡವಟ್ಟಾಯಿತು. ಬಡಾವಣೆಯವರ ಅಳತೆಯೆಲ್ಲ ಬೆರಳ ತುದಿಯಲ್ಲಿರುವ ಟೈಲರ್, ಬೇರೆ ಯಾರದೋ ಮಗನನ್ನು ಹೆಗಲಿಗೇರಿಸಿಕೊಂಡು ಹೋಗಿ ಮೊದಲ ಬಹುಮಾನ ಪಡೆದರು. ಹೆಗಲ ಮೇಲಿದ್ದ ಹುಡುಗ ಬಹುಮಾನದ ನೀರಿನ ಬಾಟಲಿಯ ಆಸೆಗೆ ಸುಮ್ಮನಿದ್ದ. ಟೈಲರ್ ಮಗ, ಆರು ವರ್ಷದವನು, ಮಾತಾಡಬಾರದು ಎಂಬ ನಿಯಮಕ್ಕೆ ಕಟ್ಟುಬಿದ್ದು ಕಾಲು ಗಂಟೆ ಅಂಗೈ ಚಾಚಿಕೊಂಡೇ ನಿಂತಿದ್ದ. ಆಮೇಲೆ ಅತ್ತದ್ದು ಮಾತ್ರ ಮೂರು ಬೀದಿಗೆ ಕೇಳಿಸಿತು. ಎರಡೂ ಮನೆಯವರು ಕೈಕೈ ಮಿಲಾಯಿಸುವುದೊಂದು ಬಾಕಿ ಇತ್ತು.

ಬಡಾವಣೆಯ ಸಂಘದ ಕಾರ್ಯದರ್ಶಿ ನಿವೃತ್ತ ಮುಖ್ಯೋಪಾಧ್ಯಾಯಿನಿ. ನಕ್ಕಿದ್ದನ್ನು ಕಂಡವರಿಲ್ಲ. ಅವರು ಈ ಸಲ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದ್ದಾರೆ: 'ಯಾರ ಕೈ' ಆಟದಲ್ಲಿ ಒಂದು ಮಗು ಅತ್ತರೂ ಮುಂದಿನ ವರ್ಷದಿಂದ ಹೆತ್ತವರ ಆಟಗಳೆಲ್ಲ ರದ್ದು, ಮಕ್ಕಳಿಗೆ ಗಾಳಿ ತುಂಬಿದ ಜಾರುಬಂಡೆ. ಅಂದರೆ ಪೀಪಿ ಮಾಮನ ಹತ್ತೊಂಬತ್ತು ವರ್ಷ ಒಂದು ಮಗುವಿನ ಗಂಟಲ ಮೇಲೆ ನಿಂತಿದೆ.

ಹತ್ತು ಗಂಟೆಗೆ ಆ ಆಟ. "ಬರೀತಾ ನಿಂತ್ರೆ ಹೇಗೆ? ಈ ತುದಿ ಹಿಡ್ಕೊಳ್ಳಿ" ಎಂದು ಕೊನೆಯ ಗೆರೆಯ ಹಗ್ಗವನ್ನು ನನ್ನ ಕೈಗೆ ತುರುಕುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳುವವರ ಸಾಲಿನಲ್ಲಿ ಟೈಲರ್ ಕೂಡ ಇದ್ದಾರೆ. ಪೀಪಿ ಮಾಮನ ಮುಖ ಇಳಿದುಹೋಗುತ್ತದೆ. ಟೈಲರ್ ಮಗ ನನಗೆ ಗುಟ್ಟಾಗಿ ಹೇಳುತ್ತಾನೆ: "ಅಪ್ಪ ಒಂದು ವಾರದಿಂದ ಟೇಪು ಹಿಡ್ಕೊಂಡು ನನ್ನ ಕೈ ಅಳೀತಿದಾರೆ. ನಿದ್ದೇಲೂ ಬಿಡಲ್ಲ."

ಪೀಪಿ ಊದಿದ್ದೇ ತಡ, ಎಲ್ಲರೂ ತಡಕಾಡುತ್ತಾರೆ. ಒಬ್ಬೊಬ್ಬರೇ ತಮ್ಮ ಮಗುವನ್ನು ಎತ್ತಿಕೊಂಡು ಬಂದು ಹಗ್ಗ ಮುಟ್ಟುತ್ತಾರೆ. ಟೈಲರ್ ಮಾತ್ರ ಒಂದೊಂದು ಅಂಗೈಯನ್ನೂ ಗೇಣು ಹಾಕಿ ಅಳೆಯುತ್ತಾ ಇದ್ದಾರೆ. ಕೊನೆಗೆ ಸಾಲಿನಲ್ಲಿ ಉಳಿದವನು ಅವರ ಮಗನೊಬ್ಬನೇ. ಟೈಲರ್‌ಗೆ ಅದು ಗೊತ್ತಿಲ್ಲ. ಮಗನ ಕೈಯನ್ನು ಎರಡು ಸಲ ಅಳೆಯುತ್ತಾರೆ.

"ಇವನೇ ಅನ್ಸುತ್ತೆ. ಆದ್ರೂ ಇರಿ, ಪಕ್ಕದವನದ್ದೂ ಒಂದ್ಸಲ ನೋಡ್ಬಿಡ್ತೀನಿ."

ಪಕ್ಕದಲ್ಲಿ ಯಾರೂ ಇಲ್ಲ. ಗಾಳಿಯಲ್ಲಿ ಕೈಯಾಡಿಸುತ್ತಾ ಹೋಗಿ ಕಾರ್ಯದರ್ಶಿಯವರ ಕೈ ಹಿಡಿಯುತ್ತಾರೆ, ಗೇಣು ಹಾಕುತ್ತಾರೆ, "ಇದಲ್ಲ" ಎಂದು ಬಿಡುತ್ತಾರೆ. ಮೈದಾನವೆಲ್ಲ ಬಾಯಿಗೆ ಕೈ ಅಡ್ಡ ಇಟ್ಟು ನಿಂತಿದೆ. ಹುಡುಗ ತುಟಿ ಕಚ್ಚಿ ನಗು ತಡೆಯುತ್ತಿದ್ದಾನೆ. ಅಪ್ಪ ಮತ್ತೆ ತಡಕಿಕೊಂಡು ಬಂದು ಅದೇ ಪುಟ್ಟ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಈ ಸಲ ಅಳೆಯದೆ, ಮಗನನ್ನು ಎತ್ತಿಕೊಳ್ಳುತ್ತಾರೆ.

ಹಗ್ಗದ ಬಳಿ ಪಟ್ಟಿ ಬಿಚ್ಚಿ ಮಗನ ಮುಖ ನೋಡಿದ ಟೈಲರ್ ಗಳಗಳನೆ ಅಳುತ್ತಾರೆ. "ಎಲ್ರೂ ಹೋಗಿದ್ರು ಅಪ್ಪಾ, ನಾನೊಬ್ನೇ ಇದ್ದಿದ್ದು" ಎಂದು ಮಗ ಬಿದ್ದು ಬಿದ್ದು ನಗುತ್ತಾನೆ. ನನ್ನ ಕಣ್ಣೂ ಒದ್ದೆಯಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಅಷ್ಟರಲ್ಲಿ ಕಾರ್ಯದರ್ಶಿ ಹತ್ತಿರ ಬರುತ್ತಾರೆ. ಪೀಪಿ ಮಾಮ ತಲೆ ತಗ್ಗಿಸಿ ನಿಲ್ಲುತ್ತಾರೆ.

"ಮಗು ಅತ್ತರೆ ರದ್ದು ಅಂತ ಬರೆದಿದ್ದೆ" ಎನ್ನುತ್ತಾರೆ ಕಾರ್ಯದರ್ಶಿ. "ಅಪ್ಪ ಅತ್ತರೆ ಅಂತ ಬರೆದಿಲ್ಲ." ಹೇಳಿ ನಗದೆಯೇ ಹೊರಟುಹೋಗುತ್ತಾರೆ.

ಪೀಪಿ ಮಾಮ ಹಗ್ಗ ಸುತ್ತಲು ಕುಳಿತುಬಿಡುತ್ತಾರೆ. ಮುಂದಿನ ವರ್ಷಕ್ಕೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಅಜ್ಜ-ಅಜ್ಜಿಯರಿಗೂ ಒಂದು ಆಟ ಇಡ್ಬೇಕು ಅಂತಿದೆ. ಅವರೂ ಮೋಸ ಮಾಡ್ತಾರೆ, ಗೊತ್ತು. ಆದ್ರೆ ನಿಧಾನಕ್ಕೆ ಮಾಡ್ತಾರೆ, ಹಿಡೀಬಹುದು."