ದೊಬ್ರಿಲಕ್ಕನ ಬಿಸಿ ಹಲಗೆ

ತನ್ನ ಜಿಮ್‌ಗೆ ಬಂದವರ ಮುಖವನ್ನು ದೊಬ್ರಿಲಕ್ಕ ಆಮೇಲೆ ನೋಡುತ್ತಾಳೆ. ಮೊದಲು ನೋಡುವುದು ಬಾಗಿಲಲ್ಲಿ ಬಿಟ್ಟ ಬೂಟುಗಳನ್ನು. ಒಂದೊಂದನ್ನೇ ಎತ್ತಿ ಮಗುಚಿ, ಹಿಮ್ಮಡಿ ಎಲ್ಲಿ ಸವೆದಿದೆ ಎಂದು ಬೆರಳಾಡಿಸುತ್ತಾಳೆ. ನಮ್ಮ ಪಿರೋತ್ ಊರಿನಲ್ಲಿ ಪರರ ಬೂಟು ಮೂಸಿ ಬದುಕುವವಳು ಇವಳೊಬ್ಬಳೇ ಎಂದು ಎಷ್ಟೋ ಮದುವೆಗಳಲ್ಲಿ ಆಡಿಕೊಂಡು ಜನರನ್ನು ನಗಿಸಿದವನು ನಾನು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಿಲೂತಿನ್. ಮೂವತ್ತು ವರ್ಷದಿಂದ ಮದುವೆಗಳಲ್ಲಿ ಅಕಾರ್ಡಿಯನ್ ನುಡಿಸುವುದೇ ನನ್ನ ಹೊಟ್ಟೆಪಾಡು. ಹನ್ನೆರಡು ಕಿಲೋ ಪೆಟ್ಟಿಗೆಯನ್ನು ಎದೆಗೆ ಬಿಗಿದುಕೊಂಡು ಕೊನೆಯ ನೆಂಟ ಏಳುವವರೆಗೂ ನಿಂತಿರಬೇಕು. ಹೋದ ವರ್ಷ ಮಾರ್ಚ್‌ನಲ್ಲಿ ಎಡಗೈಯ ಕಿರುಬೆರಳು ಜೋಮು ಹಿಡಿಯಿತು, ಬಿಡಲೇ ಇಲ್ಲ. ಎಡಗಡೆಯ ಗುಂಡಿಗಳು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಬೆರಳಿಗೆ ಗೊತ್ತಾಗದಿದ್ದರೆ ನನ್ನ ಕಥೆ ಮುಗಿದಂತೆ. ಹೆಂಡತಿ ಯಸ್ನಾಗೂ ಹೇಳದೆ ಬಚ್ಚಿಟ್ಟೆ.

ನನಗೆ ನಾನೇ ಹೇಳಿಕೊಂಡದ್ದು ಗಾಳಿ ಹೊಡೆದಿದೆ ಎಂದು. ಎದುರುಬದುರು ಎರಡು ಕಿಟಕಿ ತೆರೆದರೆ ನಡುವೆ ನುಗ್ಗುತ್ತದಲ್ಲ, ಆ ಗಾಳಿಯ ತಲೆಗೆ ನಾವು ಕಟ್ಟದ ಕಾಯಿಲೆಯಿಲ್ಲ. ಕತ್ತು ಹಿಡಿದರೂ ಅದೇ, ಸೊಂಟ ಹಿಡಿದರೂ ಅದೇ. ಕತ್ತಿಗೆ ಉಣ್ಣೆಬಟ್ಟೆ ಸುತ್ತಿದೆ. ಪ್ಲಮ್ ಸಾರಾಯಿ ತಿಕ್ಕಿದೆ, ಉಳಿದದ್ದನ್ನು ಕುಡಿದೆ. ಬೆರಳು ಮರದ ಚೂರಿನಂತೆ ಹಾಗೇ ಇತ್ತು. ಕೈಗೆ ಬಲ ಬಂದರೆ ಸರಿಹೋಗಬಹುದೆಂದು ಹಳೆಯ ಸಿನಿಮಾ ಮಂದಿರದ ನೆಲಮಾಳಿಗೆಯಲ್ಲಿದ್ದ ದೊಬ್ರಿಲಕ್ಕನ ಜಿಮ್‌ಗೆ ಹೋದೆ.

"ಬಲ ಹಿಮ್ಮಡಿ ಪೂರಾ ಹೋಗಿದೆ," ಎಂದಳು ನನ್ನ ಬೂಟು ಹಿಡಿದು. "ಮೂವತ್ತು ವರ್ಷದಿಂದ ಒಂದೇ ಕಾಲಲ್ಲಿ ತಾಳ ಕುಟ್ಟಿದೀಯ. ಕಾಲುಚೀಲ ಬಿಚ್ಚು, ಅಂಗಿ ಬಿಚ್ಚು. ಹೇಗೆ ನಿಲ್ತೀಯ ನೋಡೋಣ."

"ಕಾಲುಚೀಲನಾ? ಈ ಸಿಮೆಂಟ್ ನೆಲದ ಮೇಲಾ? ನನ್ನ ಕಿಡ್ನಿ ಏನಾಗ್ಬೇಕಕ್ಕ?"

"ನೆಲದ ಮೇಲಲ್ಲ ಕಣಯ್ಯ. ಅಲ್ನೋಡು, ಹಲಗೆ."

ಗೋಡೆಯ ಹೀಟರಿಗೆ ಒರಗಿಸಿದ ಮರದ ಹಲಗೆಯೊಂದಿತ್ತು. ತಣ್ಣನೆಯ ನೆಲಕ್ಕೆ ಬರಿಗಾಲು ಇಟ್ಟರೆ ಕಿಡ್ನಿ ಕೆಟ್ಟು ಜೀವವೇ ಹೋಗುತ್ತದೆಂದು ತಾಯಂದಿರು ಕಿರುಚುವ ಊರು ನಮ್ಮದು. ಪಾದ ನೋಡದೆ ಅವಳ ಕೆಲಸ ನಡೆಯುವುದಿಲ್ಲ. ಅದಕ್ಕೆಂದೇ ಬೆಳಿಗ್ಗೆ ಬಂದವಳೇ ಹಲಗೆಯನ್ನು ಬೆಚ್ಚಗೆ ಮಾಡಿಡುತ್ತಾಳೆ.

"ಬಲ ಬೇಕಾಗಿರೋದು ಕೈಗೆ. ಕಾಲು ಯಾಕೆ ನೋಡ್ತೀಯ? ನಾನೇನು ಸಂತೇಲಿ ಮಾರೋ ಕುದುರೆನಾ?"

"ಕುದುರೆ ಆಗಿದ್ರೆ ಇಷ್ಟೊತ್ತಿಗೆ ನೆಟ್ಟಗೆ ನಿಂತಿರ್ತಿತ್ತು. ನೋಡದೆ ನಿನಗೆ ಒಂದು ಕಿಲೋನೂ ಎತ್ತೋಕೆ ಕೊಡಲ್ಲ."

ನಾನು ಹಟಮಾರಿ. ಕಾಲುಚೀಲ ಬಿಚ್ಚಲಿಲ್ಲ. ಬೆರಳಿನ ವಿಷಯವನ್ನಂತೂ ಬಾಯಿ ಬಿಡಲಿಲ್ಲ. ಒಂದು ವಾರ ಸೈಕಲ್ ತುಳಿಯುತ್ತ ಕೂತು, ಒಂದು ಮಧ್ಯಾಹ್ನ ಅವಳು ಒಳಕೋಣೆಯಲ್ಲಿ ಊಟಕ್ಕೆ ಕೂತಿದ್ದಾಗ, ಬೆಂಚಿನ ಮೇಲೆ ಅಂಗಾತ ಮಲಗಿ ಐವತ್ತು ಕಿಲೋದ ಸರಳು ಎತ್ತಿದೆ. ಮೊದಲನೆಯದು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಎಡಗೈ ನನ್ನದೇ ಅಲ್ಲವೆಂಬಂತೆ ಸತ್ತುಹೋಯಿತು. ಸರಳು ವಾಲಿಕೊಂಡು ಕುತ್ತಿಗೆಯತ್ತ ಇಳಿಯುತ್ತಿತ್ತು, ಕೂಗಲು ಉಸಿರಿರಲಿಲ್ಲ.

ದೊಬ್ರಿಲಕ್ಕ ಕುಂಟುತ್ತಾಳೆ. ಚಿಕ್ಕವಳಿದ್ದಾಗ ಡಿಸ್ಕಸ್ ಎಸೆಯುತ್ತಿದ್ದಳು, ನೋಯುವ ಮಂಡಿಯಲ್ಲೇ ಎಸೆಸಿ ಎಸೆಸಿ ಅವಳ ತರಬೇತುದಾರ ಅದನ್ನು ಹಾಳು ಮಾಡಿದ್ದ. ಆ ಕಾಲಿನಲ್ಲಿ ಅಷ್ಟು ಬೇಗ ಹೇಗೆ ಬಂದಳೋ ನನಗೆ ಇವತ್ತಿಗೂ ತಿಳಿಯದು. ಬಾಯಲ್ಲಿ ರೊಟ್ಟಿ ಹಾಗೇ ಇತ್ತು, ಎರಡೂ ಕೈಯಲ್ಲಿ ಸರಳು ಹಿಡಿದಿದ್ದಳು.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನನ್ನ ಎಡಗೈ ಎತ್ತಿ, ಒಂದೊಂದೇ ಬೆರಳಿನ ತುದಿಯನ್ನು ಉಗುರಿನಿಂದ ಒತ್ತಿದಳು.

"ಗೊತ್ತಾಗುತ್ತಾ? ಇದು? ಇದು?"

ಕಿರುಬೆರಳಿಗೆ ಬಂದಾಗ ಇಲ್ಲವೆಂದು ತಲೆಯಾಡಿಸಿದೆ.

"ಯಾವತ್ತಿಂದ?"

"ಮಾರ್ಚಿಂದ ಅಕ್ಕ. ಗಾಳಿ..."

"ಗಾಳಿನಂತೆ ಗಾಳಿ! ನಮ್ಮಮ್ಮನಿಗೂ ಹಂಗೇ ಅಂದ್ರು. ಇಪ್ಪತ್ತೈದು ವರ್ಷ ಮಗ್ಗದ ಮುಂದೆ ಕೂತು ಎಳೆ ಬಿಗಿಯಾಗಿ ಕೂರ್ಸೋ ಆ ಭಾರದ ಹಣಿಗೆನ ಒಂದೇ ಕೈಯಲ್ಲಿ ಕುಟ್ಟಿದ್ಲು. ಒಂದು ಭುಜ ಕೆಳಗಿಳೀತು, ಬೆರಳು ಜೋಮು ಹಿಡೀತು. ಕಿಟಕಿ ಮುಚ್ಚು ಅಂದ್ರೇ ವಿನಾ ಅವಳು ಹೇಗೆ ಕೂತಿದಾಳೆ ಅಂತ ಒಬ್ರೂ ನೋಡ್ಲಿಲ್ಲ. ಐವತ್ತಕ್ಕೆಲ್ಲ ದಾರ ಯಾವುದು ಬೆರಳು ಯಾವುದು ಗೊತ್ತಾಗ್ದಂಗೆ ಆಯ್ತು ಅವಳಿಗೆ. ಈಗ ಬಿಚ್ತೀಯೋ ಇಲ್ವೋ?"

ಬಿಚ್ಚಿದೆ. ಹಲಗೆ ಆಗತಾನೇ ಬೇಯಿಸಿದ ಬ್ರೆಡ್ಡಿನಷ್ಟು ಬೆಚ್ಚಗಿತ್ತು. ಅವಳು ಚಾವಣಿಯಿಂದ ಇಳಿಬಿಟ್ಟ ದಾರದ ತುದಿಗೆ ಒಂದು ನಟ್ಟು ಕಟ್ಟಿದ್ದಳು, ಅದರ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ನೋಡಿದಳು. ಕೈ ಎತ್ತಿಸಿದಳು, ಕುಕ್ಕರಗಾಲಲ್ಲಿ ಕೂರಿಸಿದಳು. ತಲೆ ದಾರಕ್ಕಿಂತ ನಾಲ್ಕು ಬೆರಳು ಮುಂದೆ, ಎಡಭುಜ ಎರಡು ಬೆರಳು ಕೆಳಗೆ, ಸೊಂಟ ಬಲಕ್ಕೆ ವಾಲಿದೆ. ಮೂವತ್ತು ವರ್ಷದ ಮದುವೆಗಳೆಲ್ಲ ನನ್ನ ಬೆನ್ನಿನ ಮೇಲೇ ಕೂತಿದ್ದವು.

"ಇದಕ್ಕೆ ನಾನು ಮದ್ದು ಮಾಡಲ್ಲ. ಮೊದಲು ನರದ ಡಾಕ್ಟರ್ ಹತ್ರ ಹೋಗು. ಅವರು ಹೂಂ ಅಂದ್ರೆ ಬಾ," ಎಂದಳು. ಯಸ್ನಾಗೆ ಫೋನ್ ಮಾಡಿದವಳೂ ಅವಳೇ.

ಕತ್ತಿನಲ್ಲಿ ನರ ಒತ್ತಿಕೊಂಡಿತ್ತು. ಭಾರ ಎತ್ತುವುದನ್ನು ಮುಂದುವರಿಸಿದ್ದರೆ ಬೆರಳು ತಿರುಗಿ ಬರುವುದು ಕಷ್ಟವಿತ್ತು ಎಂದರು ಡಾಕ್ಟರಮ್ಮ. ಆಪರೇಷನ್ ಬೇಡ, ಆ ದೊಬ್ರಿಲಾ ಹೇಳಿದಂತೆ ಕೇಳು ಎಂದರು.

ಆರು ವಾರ ಅಕಾರ್ಡಿಯನ್ ಮುಟ್ಟಲಿಲ್ಲ. ಆಮೇಲೂ ಕುರ್ಚಿಯ ಮೇಲೆ ಕೂತು, ಪೆಟ್ಟಿಗೆಯ ಎರಡೂ ಹೆಗಲಪಟ್ಟಿಗಳನ್ನು ಬೆನ್ನ ಹಿಂದೆ ಸೇರಿಸಿ ಕಟ್ಟಿ, ದಿನಕ್ಕೆ ಹತ್ತೇ ನಿಮಿಷ. ತಾಳ ಒಂದು ಹಾಡಿಗೆ ಬಲಗಾಲು, ಇನ್ನೊಂದಕ್ಕೆ ಎಡಗಾಲು. ಉಳಿದ ಹೊತ್ತೆಲ್ಲ ಗೋಡೆಗೆ ಬೆನ್ನು ಹಚ್ಚಿ ಕೈ ಮೇಲೆ ಕೆಳಗೆ ಜಾರಿಸುವುದು. "ಮನೆ ಬೀಳ್ದಂಗೆ ಹಿಡ್ಕೊಂಡಿದೀಯೇನು?" ಎಂದು ಯಸ್ನಾ ಛೇಡಿಸುತ್ತಿದ್ದಳು. ಮೂರು ಮದುವೆಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ. ಹೊಟ್ಟೆ ಉರಿಯಿತು.

ಎಡಗಡೆಯ ಗುಂಡಿಗಳಲ್ಲಿ ಒಂದಕ್ಕೆ ಮಾತ್ರ ಗುರುತಿಗೆಂದು ಸಣ್ಣ ಗುಳಿ ಇರುತ್ತದೆ. ಆಗಸ್ಟ್‌ನ ಒಂದು ಬೆಳಿಗ್ಗೆ ಕಿರುಬೆರಳನ್ನು ಗುಂಡಿಯಿಂದ ಗುಂಡಿಗೆ ಸರಿಸುತ್ತಿದ್ದೆ. ಆ ಗುಳಿ ತಾಗಿತು. ಮತ್ತೆ ಮುಟ್ಟಿ ನೋಡಿದೆ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಸುಡುತ್ತಿದ್ದ ಯಸ್ನಾ ಓಡಿ ಬರುವಷ್ಟು ಜೋರಾಗಿ ಅತ್ತುಬಿಟ್ಟೆ.

ನವೆಂಬರ್‌ನಲ್ಲಿ ದೊಬ್ರಿಲಕ್ಕನ ಮನೆತನ ಕಾಯುವ ಸಂತನ ಹಬ್ಬ. ಆ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ನೆನಪಿದ್ದವರು ಹೋಗುತ್ತಾರೆ. ನಾನು ಅಕಾರ್ಡಿಯನ್ ಹೊತ್ತುಕೊಂಡು ಹೋದೆ. ಬಾಗಿಲಲ್ಲಿ ಬೂಟು ಬಿಟ್ಟೆ, ಕಾಲುಚೀಲವನ್ನೂ ಬಿಚ್ಚಿಟ್ಟೆ.

"ಅಯ್ಯೋ ದೇವರೇ, ಬರಿಗಾಲು!" ಎಂದು ಮೂಲೆಯಿಂದ ಕೂಗಿದವರು ಅವಳ ತಾಯಿ ಸ್ತಾಮೆನಾ, ಎಂಬತ್ತಮೂರರ ಅಜ್ಜಿ. "ಯಾರಾದ್ರೂ ಚಪ್ಪಲಿ ಕೊಡ್ರೇ! ಕಿಡ್ನಿ ಹೋಗುತ್ತೆ!"

"ನಿಮ್ಮ ಮಗಳ ಅಪ್ಪಣೆ ಅಜ್ಜಿ," ಎಂದು ಬೇಯಿಸಿದ ಗೋಧಿಯ ಪ್ರಸಾದ ಒಂದು ಚಮಚ ತಿಂದು, ಕುರ್ಚಿ ಎಳೆದುಕೊಂಡು ಕೂತು ನುಡಿಸಿದೆ. ಒಂದು ಸ್ವರವೂ ತಪ್ಪಲಿಲ್ಲ. ದೊಬ್ರಿಲಕ್ಕ ಬಾಗಿಲಿಗೆ ಹೋಗಿ ನನ್ನ ಬೂಟು ಮಗುಚಿ ನೋಡಿ ಬಂದಳು. ಚಿಕಿತ್ಸೆ ಶುರುವಾದ ಮೇಲೆ ಕೊಂಡ ಬೂಟು, ಎರಡೂ ಹಿಮ್ಮಡಿ ಒಂದೇ ಸಮ ಸವೆದಿದ್ದವು. "ಎಡಭುಜ ಇನ್ನೊಂಚೂರು ಮೇಲೆ," ಎಂದಳು ಅಷ್ಟೆ.

ನಾನು ಎಲ್ಲರೆದುರಿಗೆ ಹೇಳಿದೆ: "ಈ ಕೈ ನಿನ್ನದು ಕಣಕ್ಕ. ನಿನ್ನ ಬೂಟಿನ ಹುಚ್ಚು ಹೇಳಿ ಊರನ್ನೆಲ್ಲ ನಗಿಸಿದವನು ನಾನೇ. ಕ್ಷಮಿಸು."

ಅಜ್ಜಿ ನನ್ನನ್ನು ಹತ್ತಿರ ಕರೆದರು. ಮಗ್ಗದ ದಿನಗಳಲ್ಲಿ ಇಳಿದಿದ್ದ ಅವರ ಭುಜ ಹಾಗೇ ಇತ್ತು. ನನ್ನ ಕಿರುಬೆರಳನ್ನು ತಮ್ಮ ಬೆರಳುಗಳ ನಡುವೆ ಹಿಡಿದರು. ಹಿಡಿದದ್ದು ಅವರಿಗೇ ತಿಳಿಯುತ್ತಿರಲಿಲ್ಲವಾದ್ದರಿಂದ ಬಗ್ಗಿ ಕಣ್ಣಿನಿಂದ ನೋಡಿ, ಉಗುರಿನಿಂದ ಒತ್ತಿದರು.

"ಗೊತ್ತಾಗುತ್ತೇನೋ ಮಗಾ?"

"ಗೊತ್ತಾಗುತ್ತೆ ಅಜ್ಜಿ."

ದೊಬ್ರಿಲಕ್ಕ ನಮ್ಮಿಬ್ಬರಿಗೂ ಬೆನ್ನು ತಿರುಗಿಸಿ, ಆಗಲೇ ಕತ್ತರಿಸಿದ್ದ ಬ್ರೆಡ್ಡನ್ನು ಮತ್ತೆ ಕತ್ತರಿಸತೊಡಗಿದಳು.