ಬೊಗಳದ ಮರಿ

ಕೊಪ್ಪಳದ ಈ ಮನೆಗೆ ಮೊನ್ನೆ ತಂದ ನಾಯಿಮರಿ ದಿನವಿಡೀ ಕುಂಯ್‌ಗುಡುತ್ತಲೇ ಇತ್ತು. ಹಳೆಯ ಬಟ್ಟೆ ಹಾಸಿದರೆ ಸುಮ್ಮನಾಗುತ್ತದೆ ಎಂದು ಯಾರೋ ಹೇಳಿದ್ದರು. ಟ್ರಂಕಿನಿಂದ ಅವ್ವನ ಸೀರೆಯೊಂದನ್ನು ಎಳೆದೆ. ಅವ್ವ ತೀರಿಕೊಂಡ ಮೇಲೆ ಅದನ್ನು ಒಗೆದಿರಲಿಲ್ಲ. ಎಲೆ ಅಡಿಕೆ, ಕೊಬ್ಬರಿ ಎಣ್ಣೆ, ಬೆವರಿನ ವಾಸನೆ... ಮರಿ ಮೂಸಿ ನೋಡಿ ಸುರುಳಿ ಸುತ್ತಿ ಮಲಗಿತು. ನನಗೆ ಮಾತ್ರ ನಾನು ಬೆಳೆದ ಶ್ರೀರಾಮನಗರದ ಪಕ್ಕದ ಮನೆಯ ಚಿಗವ್ವ ಎದುರಿಗೆ ಬಂದು ನಿಂತಂತಾಯಿತು.

ಅವ್ವನ ಸ್ವಂತ ತಂಗಿಯಲ್ಲ, ಚಿಗವ್ವ ಎಂದು ಕರೆದು ಕರೆದು ಹಾಗಾಗಿದ್ದರು. ಅಕ್ಕಿ ಲಾರಿ ಓಡಿಸುತ್ತಿದ್ದ ಅವರ ಗಂಡ ಒಮ್ಮೆ ಹೋದವರು ತಿರುಗಿ ಬರಲಿಲ್ಲ. ಲಾರಿ ಸಿಕ್ಕಿತು, ಅವರು ಸಿಗಲಿಲ್ಲ. ಊರವರೆಲ್ಲ ಆಸೆ ಬಿಟ್ಟರೂ ಚಿಗವ್ವ ಕುಂಕುಮ ಬಿಡಲಿಲ್ಲ. ಹೀಗಿರುವಾಗ ಒಂದು ಸಂಜೆ ಯಾರೋ ಕಾಲುವೆಯ ದಾರಿಯಿಂದ ಬಂದು ಅವರ ಗೇಟಿನ ಮುಂದೆ ನಿಂತರು. ಗಂಡ ಹೋದ ಮೇಲೆ ಸಾಕಿದ್ದ ನಾಯಿ ಹರಿಹಾಯ್ದು ಬೊಗಳಿತು. ಚಿಗವ್ವ ಹೊರಗೆ ಬರುವಷ್ಟರಲ್ಲಿ ಆ ಮನುಷ್ಯ ಬೆನ್ನು ತಿರುಗಿಸಿ ಹೋಗಿಯಾಗಿತ್ತು. ಯಾರೋ ದಾರಿಹೋಕ ಇರಬೇಕು. ಆದರೆ ಬಂದಿದ್ದು ಗಂಡನೇ, ನಾಯಿಯೇ ಅವರನ್ನು ಓಡಿಸಿತು ಎಂಬುದು ಚಿಗವ್ವನ ತಲೆಯಲ್ಲಿ ಕೂತುಬಿಟ್ಟಿತು.

ಆ ನಾಯಿ ಮುಪ್ಪಾಗಿ ಸತ್ತ ಮೇಲೆ ಹೊಸ ಮರಿ ತರಲು ಹುಲಿಹೈದರದ ಕುರಿಹಟ್ಟಿಗೆ ಹೋದರು. ಅವ್ವನ ಜೊತೆ ನಾನೂ ಹೋಗಿದ್ದೆ. ಮರಿಗಳೆಲ್ಲ ನಮ್ಮನ್ನು ಕಂಡು ಗಂಟಲು ಹರಿಯುವಂತೆ ಅರಚಿದವು. ಒಂದು ಮಾತ್ರ ಸುಮ್ಮನೆ ಬಂದು ಚಿಗವ್ವನ ಕೈ ಮೂಸಿತು. ಅವರು ಅದನ್ನೇ ಎತ್ತಿಕೊಂಡರು.

"ಯಕ್ಕಾ, ಅದು ಮನಿ ಕಾಯಂಗಿಲ್ಲರಿ. ಬೊಗಳೋದನ್ನ ತಗೊಂಡ್ ಹೋಗ್ರಿ" ಎಂದ ಕುರಿಗಾರ.

"ಬೊಗಳೋದನ್ನ ಸಾಕಿ ನೋಡೀನಪ್ಪಾ. ನನಗ ಇದೇ ಬೇಕು."

ಮರಿಗೆ ಅವರು ಕಲಿಸಿದ್ದು ಒಂದೇ ವಿದ್ಯೆ. ಸಂಜೆಯಾದರೆ ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟು ಹೊರಗೆ ಹೋಗುವರು. ಗೇಟಿನ ಬಳಿ ಗಂಡ ಕೆಮ್ಮುತ್ತಿದ್ದ ರೀತಿಯಲ್ಲೇ ಒಮ್ಮೆ ಕೆಮ್ಮಿ, ಅವರಂತೆಯೇ ಭಾರವಾದ ಹೆಜ್ಜೆ ಹಾಕುತ್ತ ಒಳಗೆ ಬರುವರು. ಮರಿ ಗುರ್ ಎಂದರೆ ರೊಟ್ಟಿಯಿಲ್ಲ. ಬಾಲ ಅಲ್ಲಾಡಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರೆ ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೇಲೆ ಬೆಲ್ಲ. "ಬೊಗಳಬ್ಯಾಡ. ಇವ್ರು ಮನಿಯವ್ರು..." ಎಂದು ಕಿವಿಯಲ್ಲಿ ಹೇಳುವರು. ನಾನು ಗೋಡೆಯಾಚೆಯಿಂದ ನೋಡುತ್ತಿದ್ದೆ. ಮಬ್ಬು ಬೆಳಕಿನಲ್ಲಿ ಬರುತ್ತಿರುವುದು ಚಿಗವ್ವ ಎಂದು ಎಷ್ಟು ಹೇಳಿಕೊಂಡರೂ ಮನಸ್ಸು ಕೇಳುತ್ತಿರಲಿಲ್ಲ.

"ಮಂದಿ ನಗ್ತಾರವ್ವಾ, ಸಾಕ್ ಮಾಡು" ಎಂದು ಅವ್ವ ಒಮ್ಮೆ ಗದರಿದಳು.

"ನಗಲಿ ಬಿಡಕ್ಕಾ. ಬಾಗಿಲ ತನಕಾ ಬಂದವ್ರು ಮತ್ತ ಹೊಳ್ಳಿ ಹೋದ್ರ ನಾ ಏನ್ ಮಾಡ್ಲಿ?"



ಗಂಡ ಬರಲೇ ಇಲ್ಲ. ಮರಿ ದೊಡ್ಡ ನಾಯಿಯಾಯಿತು. ಒಂದು ಮಳೆಗಾಲ ಚಿಗವ್ವ ಜ್ವರವೆಂದು ಮಲಗಿದವರು ಏಳಲಿಲ್ಲ. ಹೆಣಕ್ಕೆ ಕುಂಕುಮ ಇಡಬೇಕೋ ಬೇಡವೋ ಎಂದು ಹೆಂಗಸರು ಗುಸುಗುಸು ನಡೆಸಿದ್ದರು. ಅವ್ವ ಯಾರನ್ನೂ ಕೇಳದೆ ಅಗಲವಾಗಿ ಕುಂಕುಮ ಹಚ್ಚಿ, ಖಾಕಿ ಅಂಗಿಯನ್ನು ಮಡಚಿ ಮಗ್ಗುಲಲ್ಲಿಟ್ಟಳು. ಹೆಣವೂ ಅಂಗಿಯೂ ಒಟ್ಟಿಗೆ ಮಣ್ಣಾದವು.

ಅದಾದ ಕೆಲವು ದಿನಗಳಿಗೆ, ದೀಪ ಹಚ್ಚುವ ಹೊತ್ತಿನಲ್ಲಿ, ಬೀಗ ಹಾಕಿದ ಆ ಮನೆಯ ಮುಂದೆ ಮಲಗಿದ್ದ ನಾಯಿ ತಟ್ಟನೆ ಎದ್ದಿತು. ಖಾಲಿ ಗೇಟಿನ ಕಡೆ ನೋಡಿ ಬಾಲ ಅಲ್ಲಾಡಿಸಿತು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಅವ್ರು ಬಂದಾರ ನೋಡ..." ಎಂದಳು.

 ಆ ನಾಯಿ ಚಿಗವ್ವನ ಗಂಡನನ್ನು ಒಮ್ಮೆಯೂ ನೋಡಿರಲಿಲ್ಲ. ಆ ಅಂಗಿಯಲ್ಲಿ ಅದು ಕಂಡಿದ್ದು ಚಿಗವ್ವನನ್ನೇ...

ನಿನ್ನೆ ಸಂಜೆ ಅವ್ವನ ಸೀರೆಯ ಮೇಲೆ ಮಲಗಿದ್ದ ನನ್ನ ಮರಿ ಎದ್ದು, ಗೇಟಿನ ಕಡೆ ಮುಖ ಮಾಡಿ ಬಾಲ ಅಲ್ಲಾಡಿಸಿತು. ಹೊರಗೆ ಯಾರೂ ಇರಲಿಲ್ಲ. ಕಿಟಕಿಯಿಂದಲೇ ಕಾಣುತ್ತಿತ್ತು. ಅವ್ವ ಇನ್ನು ಬರುವುದಿಲ್ಲ, ನಾನೇ ಕೈಯಾರೆ ಮಣ್ಣು ಹಾಕಿ ಬಂದಿದ್ದೇನೆ.

ಆದರೂ ಹೋಗಿ ಗೇಟು ತೆಗೆದೆ.