ತೊಳೆದರೂ ಹೋಗದ ಬಣ್ಣ

ಬಣ್ಣಗಾರನ ಪಾದಗಳು ಎಂದೂ ಒಂದೇ ಬಣ್ಣದಲ್ಲಿ ಇರುತ್ತಿರಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ತೊಟ್ಟಿಗಳ ನಡುವೆ ದಿನವಿಡೀ ಬರಿಗಾಲಲ್ಲಿ ಓಡಾಡಿ ಸಂಜೆ ಮನೆಗೆ ಬಂದರೆ ಒಂದು ದಿನ ನೀಲಿ, ಇನ್ನೊಂದು ದಿನ ದಾಳಿಂಬೆಯ ಕೆಂಪು. ಹಾಗಾಗಿ ಎಡಗಾಲಿನ ಹಿಮ್ಮಡಿಯ ಕೆಳಗೆ ಕಾಳಿನಷ್ಟು ಕಪ್ಪು ಕಂಡಾಗ ಹೆಂಡತಿಗೆ ಏನೂ ಅನ್ನಿಸಲಿಲ್ಲ. ಬಚ್ಚಲಲ್ಲಿ ಕೂರಿಸಿಕೊಂಡು ಕಲ್ಲಿನಿಂದ ಉಜ್ಜಿದಳು.

“ಮೆಲ್ಲಗೆ ಕಣೇ, ನಾನೇನು ತಳ ಹಿಡಿದ ಪಾತ್ರೆನಾ?”

“ಪಾತ್ರೆ ಆಗಿದ್ರೆ ಇಷ್ಟೊತ್ತಿಗೆ ಹೊಳೀತಿತ್ತು ರೀ.”

ಕಪ್ಪು ಹೋಗಲಿಲ್ಲ. ಬರುಬರುತ್ತಾ ಅಂಚು ಚದುರಿ, ಒದ್ದೆ ಕಾಗದದ ಮೇಲೆ ಶಾಯಿ ಹಬ್ಬಿದಂತೆ ಹಬ್ಬಿತು. ಒಂದು ದಿನ ರಕ್ತ ಜಿನುಗಿತು. ಡಾಕ್ಟರು ಕೊಯ್ದು ತೆಗೆದರು. ಚರ್ಮದ ಕ್ಯಾನ್ಸರು, ಎಷ್ಟು ಕೆಟ್ಟದ್ದೆಂದು ತುಣುಕನ್ನು ಪರೀಕ್ಷಿಸಿ ಹೇಳುತ್ತೇವೆ ಎಂದರು.

ಅಲ್ಲಿಂದಾಚೆ ಅವಳು ಓಡಾಡಿದ್ದೆಲ್ಲ ಕನಸಿನಲ್ಲಿ ಓಡಾಡಿದಂತೆ. ಅದು ಅವನನ್ನು ಕೊಂಡೊಯ್ಯುತ್ತದೋ, ಉಳಿಸುತ್ತದೋ? ತಾನು ಉಜ್ಜಿಯೇ ಎಬ್ಬಿಸಿದೆನೋ? ಕಣ್ಣು ಮುಚ್ಚಿದರೆ ಒಣಹಾಕಿದ ಬಟ್ಟೆಗಳು ಗಾಳಿಗೆ ಉಬ್ಬುತ್ತಿದ್ದವು. ಅವುಗಳ ನಡುವೆ ಅವನು ಸಣ್ಣಗೆ ಹಾಡಿಕೊಳ್ಳುತ್ತಾ ಹೋಗುತ್ತಿದ್ದ, ಕೂಗಿದರೆ ತಿರುಗುತ್ತಿರಲಿಲ್ಲ.

ಡಾಕ್ಟರು ಕರೆಸಿದರು.

“ಜೀವಕೋಶಗಳು ಲಂಗುಲಗಾಮಿಲ್ದೆ ಬೆಳೀದೇ ಇರೋ ಹಾಗೆ ಹಿಡಿದಿಡೋ ಒಂದು ಪ್ರೋಟೀನು ಇರುತ್ತಮ್ಮಾ. ಕೆಲವರ ಗಡ್ಡೆಯಲ್ಲಿ ಅದು ಮಾಯ ಆಗಿರುತ್ತೆ. ಅಂಥದ್ದು ಮೈಯೆಲ್ಲ ಹರಡೋ ಸಂಭವ ಜಾಸ್ತಿ. ಇವರದ್ರಲ್ಲಿ ಇನ್ನೂ ಇದೆ. ಕೊಯ್ದ ಅಂಚೂ ಚೊಕ್ಕವಾಗಿದೆ.”

“ನಾನು ಉಜ್ಜಿಬಿಟ್ಟಿದ್ದೆ, ಡಾಕ್ಟ್ರೇ.”

“ಉಜ್ಜಿದ್ದರಿಂದ ಬಂದಿದ್ದಲ್ಲ. ತೋರಿಸೋಕೆ ತಡ ಮಾಡಿದ್ರಿ, ಅಷ್ಟೇ.”

“ಹಾಗಾದ್ರೆ ನಾನು ಗ್ಯಾರಂಟಿನಾ?” ಬಣ್ಣಗಾರ ಕೇಳಿದ.

“ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲ ಯಜಮಾನ್ರೇ. ಒಳ್ಳೇ ಸೂಚನೆ ಅನ್ನಬಹುದು. ತಪ್ಪಿಸದೆ ಬಂದು ತೋರಿಸ್ತಾ ಇರಿ.”

ಬಣ್ಣಗಾರ ನಕ್ಕುಬಿಟ್ಟ. “ಬಿಡಿ, ಗಿರಾಕಿಗಳಿಗೆ ನಾನೂ ಅದನ್ನೇ ಹೇಳೋದು. ಬಣ್ಣ ಚೆನ್ನಾಗಿ ಕೂತಿದೆ, ಒಗೆದು ನೋಡಿ ಅಂತ.”

ಬಸ್ಸಿನಲ್ಲಿ ಕಿಟಕಿಯ ಬಿಸಿಲು ಅವನ ಮಡಿಲಿಗೆ ಬಿದ್ದಿತ್ತು. ಎಷ್ಟೋ ದಿನಗಳಿಂದ ರೆಪ್ಪೆ ಮುಚ್ಚದವನು ಅವಳ ಭುಜಕ್ಕೆ ತಲೆಯಾನಿಸಿ, ಬಾಯಿ ತೆರೆದುಕೊಂಡು ನಿದ್ದೆಹೋದ. ಇಳಿಯುವ ಸ್ಟಾಪು ಬಂತು. ಅವಳು ಅಲುಗಾಡಲಿಲ್ಲ.

“ಇಳಿಯಲ್ವಾ ಅಮ್ಮಾ?” ಕಂಡಕ್ಟರು ಕೂಗಿದ.

“ಮೆಲ್ಲಗಪ್ಪಾ! ಮುಂದಕ್ಕೆ ಎರಡು ಟಿಕೆಟ್ ಕೊಡು.”

“ಮುಂದೆ ಅಂದ್ರೆ ಎಲ್ಲಿಗೆ?”

“ಈ ಬಸ್ಸು ಎಲ್ಲೀವರೆಗೆ ಹೋಗುತ್ತೋ ಅಲ್ಲೀವರೆಗೆ.”